ಐವತ್ತರ ಗೆರೆ: ಕಿರಿಯರಲ್ಲಿ ಕರುಳಿನ ಕ್ಯಾನ್ಸರ್ ಮತ್ತು ರೋಗನಿದಾನದ ವಿಳಂಬ

ದೊಡ್ಡ ಕರುಳು ಮತ್ತು ಗುದನಾಳಗಳಲ್ಲಿ ಹುಟ್ಟುವ ಕ್ಯಾನ್ಸರ್ ವೃದ್ಧಾಪ್ಯದ ವ್ಯಾಧಿಯೆಂಬ ಅಭಿಪ್ರಾಯವು ಬಹುಕಾಲ ರೂಢಿಯಲ್ಲಿದ್ದಿತು. ಅದು ಪೂರ್ಣವಾಗಿ ತಪ್ಪಲ್ಲ. ಇಂದಿಗೂ ರೋಗಿಗಳಲ್ಲಿ ಹೆಚ್ಚಿನವರು ಐವತ್ತನ್ನು ದಾಟಿದವರೇ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೊಸ ರೋಗಿಗಳ ಪೈಕಿ ೫೫ ವರ್ಷಕ್ಕಿಂತ ಕಿರಿಯರು ೧೯೯೫ರಲ್ಲಿ ನೂರಕ್ಕೆ ೧೧ರಷ್ಟಿದ್ದುದು ೨೦೧೯ರಲ್ಲಿ ೨೦ಕ್ಕೆ ಏರಿತು. ಇವರಲ್ಲಿ ಅನೇಕರಿಗೆ ರೋಗವು ಬಲಿತ ಮೇಲೆಯೇ ಪತ್ತೆಯಾಗುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವಿಳಂಬದ ಬೆಲೆ ಏನೆಂಬುದು ಹೊಸ ವಿಷಯವಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಅವರು ೧೯೩೨ರಲ್ಲಿಯೇ ಗುದನಾಳದ ಕ್ಯಾನ್ಸರನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಕರುಳಿನ ಗೋಡೆಯೊಳಗೇ ಉಳಿದುದು ಮೊದಲನೆಯದು. ಗೋಡೆಯನ್ನು ದಾಟಿದುದು ಎರಡನೆಯದು. ದುಗ್ಧಗ್ರಂಥಿಗಳನ್ನು ಮುಟ್ಟಿದುದು ಮೂರನೆಯದು. ವರ್ಗವು ಮುಂದುವರಿದಂತೆ ಬದುಕುಳಿಯುವ ಸಂಭವವು ಕುಗ್ಗುವುದು.

ಕಿರಿಯರಲ್ಲಿ ವಿಳಂಬಕ್ಕೆ ಎರಡು ಮೂಲಗಳುಂಟು. ಮಲದಲ್ಲಿ ರಕ್ತ ಕಂಡ ತರುಣನು ಅದನ್ನು ಮೂಲವ್ಯಾಧಿಯೆಂದು ಬಗೆದು ಸಂಕೋಚದಿಂದ ಮುಚ್ಚಿಡುವನು. ವೈದ್ಯನಾದರೋ ರೋಗಿಯ ವಯಸ್ಸನ್ನು ನೋಡಿ ಅದೇ ಊಹೆಯನ್ನು ಅಂಗೀಕರಿಸುವನು. ತರುಣಿಯ ರಕ್ತಹೀನತೆಗೆ ಋತುಸ್ರಾವವೇ ಕಾರಣವೆಂದು ತೀರ್ಮಾನವಾಗುವುದು. ಈ ಊಹೆಗಳು ಬಹುಪಾಲು ಸಂದರ್ಭಗಳಲ್ಲಿ ಸರಿಯಾಗಿಯೇ ಇರುತ್ತವೆ, ಅಪಾಯವಿರುವುದೂ ಅಲ್ಲಿಯೇ. ಹಲವು ಬಾರಿ ಸರಿಯಾದ ಊಹೆಯು ಕ್ರಮೇಣ ಪರೀಕ್ಷೆಯ ಸ್ಥಾನವನ್ನೇ ಆಕ್ರಮಿಸುತ್ತದೆ.

ಇದರೊಡನೆ ಒಂದು ಭ್ರಾಂತಿಯೂ ಸೇರಿದೆ. ಐವತ್ತನೆಯ ವಯಸ್ಸಿನಿಂದ ಪರೀಕ್ಷೆಯೆಂಬ ನಿಯಮವು ಲಕ್ಷಣವೇ ಇಲ್ಲದ ಜನರಿಗಾಗಿ ಹುಟ್ಟಿದುದು; ಲಕ್ಷಣವುಳ್ಳವರಿಗೆ ಆ ಗೆರೆ ಅನ್ವಯಿಸದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ೨೦೧೮ರಲ್ಲಿಯೂ, ಅಲ್ಲಿನ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ೨೦೨೧ರಲ್ಲಿಯೂ ಗೆರೆಯನ್ನು ೪೫ಕ್ಕೆ ಇಳಿಸಿದವು. ಆದರೆ ನಟ ಚ್ಯಾಡ್ವಿಕ್ ಬೋಸ್‌ಮನ್ ಅವರಿಗೆ ೨೦೧೬ರಲ್ಲಿ ರೋಗವು ಮೂರನೆಯ ಹಂತದಲ್ಲಿ ಪತ್ತೆಯಾಯಿತು. ೨೦೨೦ರಲ್ಲಿ ತೀರಿಕೊಂಡಾಗ ಅವರಿಗೆ ೪೩ ವರ್ಷ. ಹೊಸ ಗೆರೆಯೂ ಅವರನ್ನು ಒಳಗೊಳ್ಳುತ್ತಿರಲಿಲ್ಲ.

ಆದುದರಿಂದ ಗೆರೆಯ ಈಚೆಗಿರುವವರಿಗೆ ಲಕ್ಷಣವೇ ದಾರಿ. ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೩ರಲ್ಲಿ ಅಂತಹ ನಾಲ್ಕನ್ನು ಗುರುತಿಸಿದರು: ಹೊಟ್ಟೆನೋವು, ಗುದದ್ವಾರದ ರಕ್ತಸ್ರಾವ, ಅತಿಸಾರ, ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆ. ರೋಗವು ಪತ್ತೆಯಾಗುವುದಕ್ಕೆ ಮೂರು ತಿಂಗಳಿನಿಂದ ಎರಡು ವರ್ಷಗಳಷ್ಟು ಮೊದಲೇ ಇವು ಕಾಣಿಸಿಕೊಂಡಿದ್ದವು. ಇವುಗಳಲ್ಲಿ ಯಾವುದೊಂದು ಇದ್ದರೂ ಕ್ಯಾನ್ಸರೇ ಎಂದು ಭಯಪಡಬೇಕಾಗಿಲ್ಲ. ಆದರೆ ಕಾರಣವನ್ನು ಊಹೆಗೆ ಬಿಡಲಾಗದು. ನಮ್ಮ ವಿದ್ಯಾರ್ಥಿಗಳೆಲ್ಲರೂ, ಅಧ್ಯಾಪಕರಲ್ಲಿ ಅನೇಕರೂ ಈ ಗೆರೆಯ ಈಚೆಗಿರುವವರೇ. ಲಕ್ಷಣವು ಮಾಯದೆ ಮುಂದುವರಿದರೆ ಸಂಕೋಚವನ್ನು ಬದಿಗಿರಿಸಿ ವೈದ್ಯರಿಗೆ ತಿಳಿಸುವುದೂ, ವಯಸ್ಸನ್ನು ಗಣಿಸದೆ ಪರೀಕ್ಷೆಯನ್ನು ಕೇಳುವುದೂ ಅವಶ್ಯ.