ಇಲಿ ಬಿದ್ದ ಮೇಲೆ ಎದ್ದ ಇಲಾಖೆ

ಸೂರಿನಿಂದ ಇಲಿಯೊಂದು ಸತ್ತು ಬಿತ್ತೆಂದರೆ ಸಾಕು, ಹಳೆ ಮೈಸೂರಿನ ಜನ ಪಾತ್ರೆಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಮೈಸೂರು ಸಂಸ್ಥಾನದಲ್ಲಿ ಆಗ ಆಸ್ಪತ್ರೆಗಳಿದ್ದವು, ಸಿಡುಬಿಗೆ ದಾಕು ಹಾಕುವವರಿದ್ದರು, ಹೆಸರಘಟ್ಟ ಕೆರೆಯ ನೀರೂ ಬೆಂಗಳೂರಿಗೆ ಹರಿದು ಬಂದಿತ್ತು. ಕಾಯಿಲೆ ಬರದಂತೆ ನೋಡಿಕೊಳ್ಳುವುದನ್ನೇ ಕೆಲಸವಾಗಿ ಹೊತ್ತ ಪ್ರತ್ಯೇಕ ಇಲಾಖೆ ಮಾತ್ರ ಇರಲಿಲ್ಲ.

ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ರೋಗಿಗಳನ್ನು ಶಿಬಿರಕ್ಕೆ ಸಾಗಿಸುವುದು, ಮನೆಯವರನ್ನು ಬೇರೆ ಇಡುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡುವುದು, ಗೋಡೆಗೆಲ್ಲ ಸುಣ್ಣ ಬಳಿಸುವುದು: ಹೀಗೆ ಕೆಲಸ ನಡೆಯಿತು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂಡ್ ಅದೇ 1898ರಲ್ಲಿ ಹೇಳಿದ್ದರೂ, ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಶತ್ರು ಯಾರೆಂದು ತಿಳಿಯದೆಯೇ ಅಧಿಕಾರಿಗಳು ಹೋರಾಡುತ್ತಿದ್ದರು.

ಜನರ ಪಾಲಿಗೆ ಈ ಕ್ರಮಗಳು ರೋಗಕ್ಕಿಂತ ದೊಡ್ಡ ಭಯ. ಮನೆಯ ಹೆಣ್ಣುಮಕ್ಕಳ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಇದೆಯೇ ಎಂದು ಪರಪುರುಷರು ಮುಟ್ಟಿ ನೋಡುವುದನ್ನು ಯಾರು ಸಹಿಸಿಯಾರು? ರೋಗಿಗಳನ್ನು ಬಚ್ಚಿಟ್ಟರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ದೊಡ್ಡ ಗಲಭೆಯೇ ಆಯಿತು. ಜನರ ವಿಶ್ವಾಸ ಗಳಿಸದೆ ಮಾಡಿದ ಆರೋಗ್ಯಕಾರ್ಯ ಎಷ್ಟು ದುಬಾರಿಯೆಂದು ಸರ್ಕಾರಕ್ಕೆ ಗೊತ್ತಾದದ್ದು ಆಗಲೇ.

ಈ ಕಥೆಯಲ್ಲಿ ಮರೆಯಬಾರದ ಹೆಸರು ಡಾ. ಪಲ್ಪು ಅವರದು. ಈಳವ ಜಾತಿಯವರೆಂಬ ಒಂದೇ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ದುಡಿದ ಅವರು, ಪ್ಲೇಗು ಬಂದಾಗ ಅನೇಕರು ಊರು ಬಿಟ್ಟು ಹೋಗುತ್ತಿದ್ದರೂ ಶಿಬಿರದಲ್ಲೇ ನಿಂತರು. ಇಂಗ್ಲೆಂಡಿನಲ್ಲಿ ಹೆಚ್ಚಿನ ವ್ಯಾಸಂಗ ಮುಗಿಸಿ ಬಂದು ಬೆಂಗಳೂರಿನ ಹೆಲ್ತ್ ಆಫೀಸರ್ ಆದರು. ತವರು ತಳ್ಳಿದವನನ್ನು ನೆರೆಯ ನಾಡು ಕೈಹಿಡಿದದ್ದರ ಫಲ ಉಂಡದ್ದು ಬೆಂಗಳೂರು.

ಪ್ಲೇಗಿನ ಗುರುತು ಊರಿನ ನಕ್ಷೆಯಲ್ಲೂ ಉಳಿದಿದೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗಬೇಗ ಬೆಳೆದವು. ಮಲ್ಲೇಶ್ವರದ ಮನೆಸಾಲುಗಳ ಹಿಂಬದಿ ಇಂದಿಗೂ ಕಾಣುವ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಮಲ ಸಾಗಿಸಲೆಂದು ಬಿಟ್ಟವು. ಆ ಗಲ್ಲಿಗಳಲ್ಲಿ ಅದನ್ನು ತಲೆಯ ಮೇಲೆ ಹೊತ್ತು ನಡೆದ ಪೌರಕಾರ್ಮಿಕರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಊರಿನ ಆರೋಗ್ಯ ನಿಂತದ್ದು ಅವರ ಹೆಗಲ ಮೇಲೆಯೇ.

ಪ್ಲೇಗಿನ ಕಾಲದಲ್ಲಿ ಇಲ್ಲದಿದ್ದ ಆ ಆರೋಗ್ಯ ಇಲಾಖೆಗೆ ಸ್ವಂತ ರೂಪ ಬಂದದ್ದು 1920ರ ದಶಕದ ಕೊನೆಯಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ತಜ್ಞರು ಮೈಸೂರಿಗೆ ಬಂದ ಮೇಲೆ. ಈ ಬಾರಿ ಗುರಿ ಚಳಿಜ್ವರ, ಅಂದರೆ ಮಲೇರಿಯಾ. ನಿಂತ ನೀರಿಗೆ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ ಎರಚಿ ಸೊಳ್ಳೆಮರಿಗಳನ್ನು ಕೊಲ್ಲುವುದು, ಹಳ್ಳಿ ಮಕ್ಕಳ ಹೊಟ್ಟೆ ಮುಟ್ಟಿ ಆ ಜ್ವರದಿಂದ ಗುಲ್ಮ ಊದಿದೆಯೇ ನೋಡಿ ಲೆಕ್ಕ ಬರೆದಿಡುವುದು ಶುರುವಾಯಿತು. 1930ರಲ್ಲಿ ಸಂಸ್ಥಾನ ಇನ್ನೂ ಧೈರ್ಯದ ಹೆಜ್ಜೆಯಿಟ್ಟು, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲ ನಿದರ್ಶನಗಳಲ್ಲಿ ಒಂದು.