ಹೊಗೆ ಹೋಯಿತು, ಸೊಪ್ಪು ಉಳಿಯಿತು

ಪಣಜಿಯ ಹೋಟೆಲು, ಅಂಗಡಿಗಳಲ್ಲಿ, ಮಾಂಡವಿ ಹೊಳೆಯ ಮೇಲೆ ನಿಂತಿರುವ ಜೂಜಿನ ಹಡಗುಗಳಲ್ಲಿ ದುಡಿಯುವ ಹುಡುಗರು ರಜೆಯಲ್ಲಿ ಊರಿಗೆ ಬಂದಾಗ ಈಗೀಗ ಒಂದು ಮಾತು ಹೇಳುವುದುಂಟು: "ಸಿಗರೇಟು ಬಿಟ್ಟೆ." ಅಂಗಿಯಲ್ಲಿ ವಾಸನೆಯಿಲ್ಲ, ಬೆರಳ ತುದಿಯ ಹಳದಿ ಕಲೆ ಮಾಸಿದೆ. ತಾಯಂದಿರಿಗೆ ಸಮಾಧಾನ. ಆದರೆ ಜೇಬಿನಲ್ಲಿ ಮಕ್ಕಳ ಆಟಿಕೆಯಂತೆ ಬಣ್ಣ ಬಳಿದ ಒಂದು ಪುಟ್ಟ ಸಾಧನವಿರುತ್ತದೆ. ಬಾಯಿಗಿಟ್ಟು ಎಳೆದರೆ ಮಾವಿನ ಹಣ್ಣಿನ ಪರಿಮಳ. ವೇಪ್ ಎಂದರೂ ಅದೇ, ಇ-ಸಿಗರೇಟು ಎಂದರೂ ಅದೇ. ಹೀಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನ ದೇಹದಲ್ಲಿ ಆಗುವ ಬದಲಾವಣೆಗಳೇನು? ಮನೆಯವರು ಕೇಳುವ ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ಹೌದು, ಅಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ.

ಈ ಪ್ರಶ್ನೆಗೂ ಗೋವೆಗೂ ಹಳೆಯ ನಂಟಿದೆ. ಹೊಗೆಸೊಪ್ಪು ನಮ್ಮ ನಾಡಿಗೆ ಬಂದದ್ದು ಪೋರ್ತುಗೀಸರ ಹಡಗುಗಳಲ್ಲಿ. ಅಲ್ಲಿಂದ ಅದು ಬಿಜಾಪುರಕ್ಕೆ ಹಬ್ಬಿತು. 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಅಲ್ಲಿ ಅದನ್ನು ಕಂಡು, ಸೊಗಸಾದ ಕೊಳವೆಯೊಂದರ ಸಮೇತ ಬಾದಶಹನಿಗೆ ಒಪ್ಪಿಸಿದನೆಂದು ತಾನೇ ಬರೆದಿಟ್ಟಿದ್ದಾನೆ. ಇದು ನಮ್ಮ ಗ್ರಂಥಗಳಲ್ಲಿಲ್ಲದ ವಸ್ತು, ಗುಣವರಿಯದೆ ಸೇದಬಾರದು ಎಂದು ಆಸ್ಥಾನದ ಹಕೀಮನು ಆಗಲೇ ತಡೆದನಂತೆ. ಹೊಗೆಯನ್ನು ನೀರಿನ ಮೂಲಕ ಹಾಯಿಸಿದರೆ ಕೆಡುಕು ತಗ್ಗುತ್ತದೆಂದು ಅದೇ ಆಸ್ಥಾನದ ಇನ್ನೊಬ್ಬ ವೈದ್ಯ, ಹಕೀಮ್ ಅಬುಲ್ ಫತೇ ಗೀಲಾನಿ, ಹುಕ್ಕಾವನ್ನು ರೂಪಿಸಿದನೆಂಬ ಪ್ರತೀತಿಯೂ ಇದೆ. ನೀರು ಹೊಗೆಯನ್ನು ತಣ್ಣಗಾಗಿಸಿತೇ ಹೊರತು ವಿಷವನ್ನು ಹಿಡಿದಿಡಲಿಲ್ಲ. ಕಳೆದ ಶತಮಾನದಲ್ಲಿ ಫಿಲ್ಟರ್ ಸಿಗರೇಟು ಬಂತು, ಆಮೇಲೆ 'ಲೈಟ್' ಸಿಗರೇಟು ಬಂತು. ಸೇದುವವರು ಇನ್ನಷ್ಟು ಆಳವಾಗಿ ಎಳೆದು ಕೊರತೆ ತುಂಬಿಕೊಂಡರು. ಇಷ್ಟೆಲ್ಲ ಕಂಡ ಮೇಲೆ, ಹೊಸದೊಂದು 'ನಿರಪಾಯ' ಸಾಧನ ಬಂದಾಗ ಹಿರಿಯರು ಹುಬ್ಬೇರಿಸುವುದು ಸಹಜ.

ಆದರೂ ಈ ಸಲದ ಸಾಧನದಲ್ಲಿ ಒಂದು ನಿಜವಾದ ವ್ಯತ್ಯಾಸವಿದೆ ಎಂಬುದನ್ನು ಒಪ್ಪಬೇಕು. ಅದರಲ್ಲಿ ಬೆಂಕಿಯಿಲ್ಲ. ಸಿಗರೇಟನ್ನು ಎಳೆದಾಗ ಅದರ ಕೆಂಡದ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಆ ಉರಿಯಲ್ಲಿ ಎಲೆ ಸುಟ್ಟು ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಎಪ್ಪತ್ತರಷ್ಟಾದರೂ ಕ್ಯಾನ್ಸರ್ ತರುವಂಥವು. ವೇಪಿನಲ್ಲಿ ಬ್ಯಾಟರಿಯಿಂದ ಕಾದ ತಂತಿಯ ಸುರುಳಿಯೊಂದು ದ್ರವವನ್ನು ಆವಿಯಾಗಿಸುತ್ತದೆ, ಅಷ್ಟೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ಪದಾರ್ಥಗಳು ಮತ್ತು ನಿಕೋಟಿನ್. ಡಾಂಬರಿನಂಥ ಮಡ್ಡಿಯಿಲ್ಲ, ಕಾರ್ಬನ್ ಮೋನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ.

ಸಿಗರೇಟನ್ನು ಪೂರ್ತಿ ಬಿಟ್ಟವನಲ್ಲಿ ಮೊದಲು ಬದಲಾಗುವುದು ರಕ್ತ. ಕಾರ್ಬನ್ ಮೋನಾಕ್ಸೈಡ್ ನಮ್ಮ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟುವ ಅನಿಲ. ಬಸ್ಸಿನಲ್ಲಿ ಟಿಕೆಟಿಲ್ಲದವನು ಸೀಟು ಹಿಡಿದು ಕೂತಂತೆ ಅದು ಆಮ್ಲಜನಕದ ಜಾಗವನ್ನು ಹಿಡಿದಿರುತ್ತದೆ. ಹೊಗೆ ನಿಂತ ಒಂದೆರಡು ದಿನಗಳಲ್ಲಿ ಅದು ಇಳಿದುಹೋಗುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಯಿತೆಂದು ಹುಡುಗರು ಹೇಳಿದರೆ ಅದು ಬರಿಯ ಭ್ರಮೆಯಲ್ಲ. ನಾಲಗೆಗೆ ರುಚಿ, ಮೂಗಿಗೆ ವಾಸನೆ ಮರಳುತ್ತವೆ. ಅಮ್ಮನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಗ ದೂರಿದರೆ ಅಮ್ಮ ಬೇಸರಿಸಬೇಕಾಗಿಲ್ಲ.

ಕೆಲವರಿಗೆ ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿವೆ. ಕಫವನ್ನು ಮೇಲಕ್ಕೆ ತಳ್ಳಿ ಗುಡಿಸುವುದು ಅವುಗಳ ಕೆಲಸ. ಹೊಗೆಯಿಂದ ಜಡವಾಗಿದ್ದ ಅವು ಮತ್ತೆ ಚಲಿಸತೊಡಗಿದಾಗ ಹಳೆಯ ಕಸ ಹೊರಬರುತ್ತದೆ. ಇದನ್ನೇ ಕಾಯಿಲೆಯೆಂದು ತಿಳಿದು ಸಿಗರೇಟಿಗೆ ಹಿಂತಿರುಗಿದವರೂ ಇದ್ದಾರೆ. ಹಾಗೆಂದು ಕೆಮ್ಮೆಲ್ಲ ಶುಭಸೂಚನೆಯಲ್ಲ. ವೇಪಿನ ಆವಿಯೇ ಗಂಟಲನ್ನು ಕೆರಳಿಸಬಲ್ಲುದು; ಅದರ ಗ್ಲೈಕಾಲ್ ತೇವ ಹೀರುವ ಗುಣದ್ದಾದುದರಿಂದ ಬಾಯಿ ಒಣಗುತ್ತದೆ, ನೀರಡಿಕೆ ಹೆಚ್ಚುತ್ತದೆ. ತಿಂಗಳು ಕಳೆದರೂ ಕೆಮ್ಮು ನಿಲ್ಲದಿದ್ದರೆ, ಉಬ್ಬಸ ಬಂದರೆ, ಕಫದಲ್ಲಿ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು.

ರಕ್ತನಾಳಗಳ ಸಂಗತಿಯೂ ಸ್ವಲ್ಪಮಟ್ಟಿಗೆ ಆಶಾದಾಯಕ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 114 ಮಂದಿ ಧೂಮಪಾನಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಸಿಗರೇಟಿನಿಂದ ವೇಪಿಗೆ ಬದಲಾದವರ ರಕ್ತನಾಳಗಳ ಹಿಗ್ಗುವ ಶಕ್ತಿ ಒಂದೇ ತಿಂಗಳಲ್ಲಿ ಉತ್ತಮಗೊಂಡಿತ್ತು. ಆದರೆ ಒಂದು ತಿಂಗಳ ಮಾತಿನಿಂದ ಮೂವತ್ತು ವರ್ಷದ ಭವಿಷ್ಯ ಹೇಳಲಾಗದು. ಈ ಸಾಧನವನ್ನು ಚೀನಾದ ಹೋನ್ ಲಿಕ್ ಎಂಬಾತ ರೂಪಿಸಿದ್ದೇ 2003ರಲ್ಲಿ. ಸಿಗರೇಟಿನ ಕ್ಯಾನ್ಸರ್ ತೋರಿಕೊಳ್ಳಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಯಿತು.

ಬದಲಾಗದೆ ಉಳಿಯುವುದು ನಿಕೋಟಿನ್. ಕನ್ನಡದಲ್ಲಿ ನಾವು ಹೊಗೆಸೊಪ್ಪು ಎನ್ನುತ್ತೇವೆ. ನೆರೆಮನೆಯ ಮಲಯಾಳದ ಪುಗಯಿಲಕ್ಕೂ ಹೊಗೆಯ ಎಲೆ ಎಂದೇ ಅರ್ಥ. ವೇಪಿನಲ್ಲಿ ಹೆಸರಿನ ಮೊದಲ ಅರ್ಧ ಹೋಯಿತು. ಸೊಪ್ಪಿನ ಸಾರ ಹಾಗೆಯೇ ನಿಂತಿತು. ಆ ಸಾರ ನಾಡಿಯನ್ನು ವೇಗಗೊಳಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ, ಮಿದುಳನ್ನು ತನಗೆ ಒಗ್ಗಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 886 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ವರ್ಷದ ಕೊನೆಗೆ ವೇಪಿನ ನೆರವಿನಿಂದ ಸಿಗರೇಟು ಬಿಟ್ಟವರು ನೂರಕ್ಕೆ 18. ನಿಕೋಟಿನ್ ಪಟ್ಟಿ, ಗಮ್ ಮುಂತಾದವುಗಳಿಂದ ಬಿಟ್ಟವರು ನೂರಕ್ಕೆ ಹತ್ತರ ಹತ್ತಿರ. ವೇಪ್ ಗೆದ್ದಿತೆಂದು ವ್ಯಾಪಾರಿಗಳು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಅದೇ ವರದಿಯ ಮುಂದಿನ ಅಂಕಿ: ಹಾಗೆ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷ ಕಳೆದರೂ ವೇಪನ್ನು ಸೇದುತ್ತಲೇ ಇದ್ದರು. ಪಟ್ಟಿ, ಗಮ್ಮಿನಿಂದ ಬಿಟ್ಟವರಲ್ಲಿ ಅವುಗಳನ್ನು ಮುಂದುವರಿಸಿದ್ದವರು ನೂರಕ್ಕೆ 9 ಮಾತ್ರ.

ಇನ್ನು ಎರಡು ದೋಣಿಯಲ್ಲಿ ಕಾಲಿಡುವವರ ಸ್ಥಿತಿ. ಕೆಲಸದ ಹೊತ್ತಿನಲ್ಲಿ ವೇಪು, ರಾತ್ರಿ ಗೆಳೆಯರೊಂದಿಗೆ ಎರಡು ಸಿಗರೇಟು. ಇವರಿಗೆ ಮೇಲೆ ಹೇಳಿದ ಲಾಭಗಳ ಬಹುಪಾಲು ದಕ್ಕುವುದಿಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ, ಇಪ್ಪತ್ತು ಸೇದುವವನಿಗೆ ಹೃದಯರೋಗದ ಎಷ್ಟು ಹೆಚ್ಚುವರಿ ಅಪಾಯವಿದೆಯೋ ಅದರ ಸುಮಾರು ಅರ್ಧದಷ್ಟು ಇದೆಯೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ವಿದೇಶಗಳ ಈ ಲೆಕ್ಕಗಳನ್ನು ಪಣಜಿಗೆ ಅನ್ವಯಿಸುವಾಗ ಇನ್ನೊಂದನ್ನು ಮರೆಯಬಾರದು. ಇಂಗ್ಲೆಂಡಿನಲ್ಲಿ ಇಂಥ ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದೆಂಬ ಕಟ್ಟಳೆಯಿದೆ. ನಮ್ಮಲ್ಲಿ 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆ ಮತ್ತು ಅದೇ ವರ್ಷದ ಕಾಯಿದೆಯಿಂದ ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ಸಾಗಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಮಾರಿದವನಿಗೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೀಗಿರುವಾಗ ಕೈಗೆ ಬರುವುದೆಲ್ಲ ಕಳ್ಳಮಾಲು; ಒಳಗೇನಿದೆಯೆಂದು ಹೊಣೆ ಹೊರುವವರಿಲ್ಲ. 2019-20ರಲ್ಲಿ ಅಮೆರಿಕದಲ್ಲಿ ವೇಪಿನಿಂದ ಶ್ವಾಸಕೋಶ ಕೆಟ್ಟು 2,807 ಮಂದಿ ಆಸ್ಪತ್ರೆ ಸೇರಿದರು ಅಥವಾ ಮಡಿದರು, ಸತ್ತವರೇ 68. ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂದದ್ದು, ಹೆಚ್ಚಾಗಿ ಕಳ್ಳದಾರಿಯಲ್ಲಿ ಬಂದ ಗಾಂಜಾಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ.

ಗೋವೆಯನ್ನು ಮಜಾ ಮಾಡುವ ಊರೆಂದೇ ತಿಳಿದವರಿಗೆ ಒಂದು ಮಾತು. ಅರ್ಬುದ ಶಸ್ತ್ರವೈದ್ಯ ಡಾ. ಶರದ್ ವೈದ್ಯರಂಥವರು ಅಲ್ಲಿ ತಂಬಾಕಿನ ವಿರುದ್ಧ ಬಹುಕಾಲ ಹೋರಾಡಿದರು. ಕೇಂದ್ರದ 2003ರ ಕಾಯಿದೆಗಿಂತ ಮೊದಲೇ, 1997ರಲ್ಲಿ, ಧೂಮಪಾನ ಮತ್ತು ಉಗುಳುವಿಕೆಯ ನಿಷೇಧ ಕಾಯಿದೆ ಗೋವೆಯಲ್ಲಿ ರೂಪುಗೊಂಡಿತು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ತಂಬಾಕು ಬಳಸುವ ವಯಸ್ಕರು ದೇಶದಲ್ಲಿ ನೂರಕ್ಕೆ 28.6, ಕೇರಳದಲ್ಲಿ 12.7, ಗೋವೆಯಲ್ಲಿ 9.7, ದೇಶದಲ್ಲೇ ಅತಿ ಕಡಿಮೆ. ಊರು ಕೆಡಿಸಿತೆಂಬ ಸಬೂಬು ಹುಡುಗರಿಗೆ ಸಿಗುವುದಿಲ್ಲ.

ಹುಡುಗರಿಗೆ ಬುದ್ಧಿ ಹೇಳುವ ಹಿರಿಯರ ಎಲೆಯಡಿಕೆ ತಟ್ಟೆಯ ಮಾತೂ ಇಲ್ಲೇ ಬರಬೇಕು. ಕವಳಕ್ಕೆ ಸೇರುವ ಹೊಗೆಸೊಪ್ಪಿನಲ್ಲಿಯೂ ಹೊಗೆಯಿಲ್ಲ. ಬಾಯಿ ಕ್ಯಾನ್ಸರಿಗೆ ಅದೇ ದಾರಿ. "ನಿಮ್ಮದಕ್ಕಿಂತ ನನ್ನದು ವಾಸಿ, ಅಜ್ಜಾ" ಎಂದು ಮೊಮ್ಮಗ ಹೇಳಿದರೆ ಅಜ್ಜನಿಗೆ ಉತ್ತರವಿರಲಾರದು.

ಮನೆಯವರು ವಾಸನೆಯನ್ನು ಪರೀಕ್ಷಿಸುವ ಬದಲು ಗಡಿಯಾರವನ್ನು ನೋಡುವುದು ಮೇಲು. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಕೈ ಜೇಬಿಗೆ ಹೋಗುತ್ತದೆ? ಅರ್ಧ ಗಂಟೆಯೊಳಗೆಂದರೆ ಚಟ ಬಲವಾಗಿದೆಯೆಂದು ವೈದ್ಯರ ಅಳತೆ. ಐದು ನಿಮಿಷದೊಳಗೆಂದರೆ ಇನ್ನೂ ಬಲ. ಅಂಥವನನ್ನು ಬೈದು ಫಲವಿಲ್ಲ. ಎರಡನ್ನೂ ಬಿಡಬೇಕೆಂದವನಿಗೆ ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ. ಅದರ ಪ್ರಮಾಣವನ್ನು ವಾರವಾರಕ್ಕೆ ಇಳಿಸುವ ಕ್ರಮವನ್ನು ವೈದ್ಯರು ಹೇಳಿಕೊಡುತ್ತಾರೆ. ಮೊದಲ ಮೂರು ದಿನ ಸಿಡುಕು, ನಿದ್ರೆಗೇಡು ಹೆಚ್ಚು. ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಹಸಿವು ಹೆಚ್ಚಿ ಮೈ ತೂಕ ಕೊಂಚ ಏರಬಹುದು. ತಂಬಾಕು ಬಿಡುವವರಿಗಾಗಿ ಕೇಂದ್ರ ಸರಕಾರದ ಉಚಿತ ದೂರವಾಣಿ 1800-11-2356, ಕನ್ನಡದಲ್ಲಿಯೂ ಮಾತಾಡಬಹುದು.