ಎರೆಮಣ್ಣಿನ ಮೇಲಿನ ಮನೆ: ಬುನಾದಿಯ ಚಲನೆ, ದುರಸ್ತಿ ಹಾಗೂ ಲೆಕ್ಕಪತ್ರ

ಹಾವೇರಿ ಜಿಲ್ಲೆಯ ಪೇಟೆಗಳಲ್ಲಿ ವ್ಯಾಪಾರಸ್ಥ ಕುಟುಂಬದ ಕಟ್ಟಡವೆಂದರೆ ಸಾಮಾನ್ಯವಾಗಿ ರಸ್ತೆಯ ಕಡೆಗೆ ಅಂಗಡಿ, ಹಿಂಬದಿಗೆ ವಾಸದ ಮನೆ, ಮಗ್ಗುಲಲ್ಲಿ ಉಗ್ರಾಣ. ಇದೇ ಕಟ್ಟಡದ ಹಕ್ಕುಪತ್ರವು ಅನೇಕ ವೇಳೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಗೆ ಭದ್ರತೆಯೂ ಆಗಿರುತ್ತದೆ; ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆಯ ಆಸ್ತಿಯೂ ಅದೇ. ಹೀಗಿರುವಾಗ ಗೋಡೆಯ ಮೇಲೆ ಓರೆಯಾಗಿ ಹರಿದ ಒಂದು ಬಿರುಕು ಕೇವಲ ಗೌಂಡಿಯ ಕೆಲಸವಲ್ಲ, ಕುಟುಂಬದ ಬಂಡವಾಳದ ಪ್ರಶ್ನೆ. ಆದರೂ ಇಂತಹ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ದೀಪಾವಳಿಗೆ ಮುನ್ನ ಸಿಮೆಂಟು ಮೆತ್ತಿ ಸುಣ್ಣ ಬಳಿದು ಮರೆತುಬಿಡುವುದು ಒಂದು. ಯಾರೋ ಹೇಳಿದರೆಂದು ಗಾಬರಿಯಿಂದ ಬುನಾದಿಯನ್ನೇ ಅಗೆಸಿ ಲಕ್ಷಗಟ್ಟಲೆ ಹಣ ಸುರಿಯುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರ.

ನೆಲದ ಸ್ವಭಾವ

ಸವಣೂರು ತಾಲ್ಲೂಕಿನಲ್ಲಿಯೂ ಶಿಗ್ಗಾವಿಯ ಹಲವು ಭಾಗಗಳಲ್ಲಿಯೂ ಎರೆಭೂಮಿ ವ್ಯಾಪಕವಾಗಿದೆ. ಹಾನಗಲ್ ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಮಲೆನಾಡಿನ ಸೆರಗು ಸಮೀಪಿಸಿದಂತೆ ಕೆಂಪು ಹಾಗೂ ಮಿಶ್ರ ಮಣ್ಣು, ಕೆರೆಗಳು ಮತ್ತು ಹೆಚ್ಚಿನ ಮಳೆ. ಈ ವ್ಯತ್ಯಾಸವನ್ನು ಗಮನಿಸದೆ ಒಂದು ಊರಿನ ದುರಸ್ತಿಯನ್ನು ಇನ್ನೊಂದು ಊರಿಗೆ ಅನ್ವಯಿಸಲಾಗದು.

ಎರೆಮಣ್ಣಿನಲ್ಲಿರುವ ಸೂಕ್ಷ್ಮ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರಿಯುವ ನೆಲವೇ ಮನೆಯ ಅಡಿಯಲ್ಲಿಯೂ ಇರುತ್ತದೆ. ಈ ಏರಿಳಿತವು ಮೇಲ್ಪದರದಲ್ಲಿ ಹೆಚ್ಚು, ಆಳಕ್ಕೆ ಹೋದಂತೆ ಕಡಿಮೆ. ಆಳವಾದ ಎರೆಮಣ್ಣಿನಲ್ಲಿ ಕೆಳಗೆ ಗುಬ್ಬಟೆಯಂತೆ ಅಗಲವಾಗುವ ಪೈಲುಗಳನ್ನು ಹಾಕುವಾಗ ಅವು ಕನಿಷ್ಠ ಮೂರೂವರೆ ಮೀಟರು ಆಳಕ್ಕಿಳಿಯಬೇಕೆಂದು ಭಾರತೀಯ ಮಾನಕವು ವಿಧಿಸುವುದು ಇದೇ ಕಾರಣಕ್ಕಾಗಿ. ಈ ಪೈಲು ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬೆಳೆಸಿತು. ಮುಂಬಯಿಯ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು ಉಬ್ಬದ ಅಂಟುಮಣ್ಣಿನ ದಪ್ಪ ಪದರವನ್ನು ಎರೆಮಣ್ಣಿನ ಮೇಲೆ ಹಾಸಿ ಅದರ ಉಬ್ಬನ್ನು ತಡೆಯುವ ವಿಧಾನವನ್ನು ರೂಪಿಸಿದರು. ಹೊಸ ಕಟ್ಟಡ ಕಟ್ಟುವವರಿಗೆ ಇವೆರಡೂ ಉಪಯುಕ್ತ. ಆದರೆ ನಮ್ಮ ಪೇಟೆಗಳ ಹಳೆಯ ಮನೆಗಳು ಎರಡು ಮೂರು ಅಡಿಯ ಕಲ್ಲಿನ ಬುನಾದಿಯ ಮೇಲೆ ನಿಂತಿವೆ, ಪ್ರಶ್ನೆ ಅವುಗಳದ್ದು.

ನೆಲ ಎಂತಹುದೆಂದು ತಿಳಿಯಲು ದುಬಾರಿ ಪರೀಕ್ಷೆ ಬೇಕಿಲ್ಲ. ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ಒಂದು ಅಳತೆಯ ಗಾಜಿನ ಕೊಳವೆಯಲ್ಲಿ ನೀರಿಗೂ, ಇನ್ನೊಂದು ಹತ್ತು ಗ್ರಾಂ ಅನ್ನು ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಡಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಉಬ್ಬಿತೆಂಬುದನ್ನು ಶೇಕಡಾವಾರು ಲೆಕ್ಕ ಹಾಕಿ, 50ನ್ನು ಮೀರಿದರೆ ಮಣ್ಣು ಬಹಳ ತೊಂದರೆಯದೆಂದು ತಿಳಿಯಬೇಕು. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಇದು ಸಾಮಾನ್ಯ ಕೆಲಸ.

ಬಿರುಕನ್ನು ಓದುವ ಬಗೆ

ಎಲ್ಲ ಬಿರುಕುಗಳೂ ಬುನಾದಿಯವಲ್ಲ. ಆರ್.ಸಿ.ಸಿ. ಚಾವಣಿಯ ಕೆಳಗೆ ಅಡ್ಡಲಾಗಿ ನೇರವಾಗಿ ಓಡುವ ಬಿರುಕು ಬಹುತೇಕ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಕಂಬಕ್ಕೂ ಇಟ್ಟಿಗೆಗೂ ನಡುವಿನ ಲಂಬ ಗೆರೆ ಎರಡು ವಸ್ತುಗಳ ಹೊಂದಾಣಿಕೆಯ ದೋಷ. ಗಿಲಾವಿನ ಮೇಲಿನ ಬಲೆಯಂತಹ ಸೂಕ್ಷ್ಮ ಗೆರೆಗಳಿಗೆ ಬೆಲೆ ಕೊಡಬೇಕಿಲ್ಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಟು ಮೆಟ್ಟಿಲಿನಂತೆ ಓರೆಯಾಗಿ ಏರುವ, ಗೋಡೆಯ ಒಳಗೂ ಹೊರಗೂ ಒಂದೇ ಸ್ಥಳದಲ್ಲಿ ಕಾಣುವ ಬಿರುಕೇ ಬುನಾದಿಯನ್ನು ಶಂಕಿಸಲು ಕಾರಣ. ಅದು ಮೇಲ್ಭಾಗದಲ್ಲಿ ಅಗಲವಾಗಿದ್ದರೆ ಮನೆಯ ನಡು ಏರಿದೆ ಅಥವಾ ಅಂಚು ಕುಸಿದಿದೆ. ಕೆಳಭಾಗದಲ್ಲಿ ಅಗಲವಾಗಿದ್ದರೆ ನಡು ತಗ್ಗಿದೆ ಅಥವಾ ಅಂಚು ಉಬ್ಬಿದೆ. ನಡುಮನೆಯ ಹಾಸುಗಲ್ಲುಗಳು ಬೇಸಿಗೆಯ ಕೊನೆಗೆ ದಿಬ್ಬದಂತೆ ಕಂಡು, ಮಳೆಗಾಲದಲ್ಲಿ ಸಮನಾಗಿ, ಬಾಗಿಲುಗಳು ಒಂದು ಋತುವಿನಲ್ಲಿ ಬಿಗಿಯಾಗಿ ಇನ್ನೊಂದರಲ್ಲಿ ಸಲೀಸಾದರೆ ಅದು ಎರೆಮಣ್ಣಿನ ವಾರ್ಷಿಕ ಉಸಿರಾಟವೇ ಸರಿ.

ಅಗಲದ ಲೆಕ್ಕವೂ ಮುಖ್ಯ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದ ಪ್ರಕಾರ 5 ಮಿಲಿಮೀಟರಿನವರೆಗಿನ ಬಿರುಕು ಅಲ್ಪ ಹಾನಿ, 5ರಿಂದ 15ರವರೆಗೆ ಮಧ್ಯಮ, 15ರಿಂದ 25 ತೀವ್ರ, ಅದಕ್ಕೂ ಮೀರಿದರೆ ಅತಿ ತೀವ್ರ. ಆ ದೇಶದ ಆಗ್ನೇಯ ಭಾಗದ ಜೇಡಿನೆಲದಲ್ಲಿ 1976ರ ಬರಗಾಲವು ಅಪಾರ ಮನೆಗಳನ್ನು ಬಿರುಕುಗೊಳಿಸಿ, ವಿಮಾ ಕಂಪನಿಗಳ ಎದುರು ಹಕ್ಕುಬೇಡಿಕೆಗಳ ರಾಶಿಯನ್ನೇ ತಂದಿತ್ತು.

ಆದರೆ ಒಂದು ದಿನದ ಅಳತೆ ಏನನ್ನೂ ಹೇಳುವುದಿಲ್ಲ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಬೇಕು. ನಡುವೆ ಗಾಜಿನ ತೆಳು ಪಟ್ಟಿಯೊಂದನ್ನು ಎರಡೂ ಬದಿ ಗಾರೆಯಿಂದ ಕೂರಿಸಬೇಕು. ಗೋಡೆ ಚಲಿಸಿದರೆ ಗಾಜು ಸೀಳುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮನೆಯ ನಾಲ್ಕೂ ಮೂಲೆಗಳ ಮಟ್ಟವನ್ನು, ತೂಗುಗುಂಡಿನಿಂದ ಗೋಡೆಯ ವಾಲನ್ನು ನೋಡಬೇಕು. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಚಿತ್ತಾ ಮಳೆ ಮುಗಿದ ಮೇಲೆ ಒಮ್ಮೆ, ಮತ್ತೆ ಮುಂದಿನ ರೋಹಿಣಿಗೆ ಮೊದಲು ಹೀಗೆ ಒಂದು ಪೂರ್ಣ ವರ್ಷದ ಟಿಪ್ಪಣಿ ಇದ್ದರೆ ಮಾತ್ರ ಬಿರುಕು ಋತುವಿನೊಂದಿಗೆ ತೆರೆದು ಮುಚ್ಚುತ್ತಿದೆಯೋ ಅಥವಾ ಒಂದೇ ದಿಕ್ಕಿಗೆ ಬೆಳೆಯುತ್ತಿದೆಯೋ ಎಂಬುದು ನಿಶ್ಚಯವಾಗುತ್ತದೆ. ಗೋಡೆ ವಾಲುತ್ತಿದ್ದರೆ, ತೊಲೆಯ ತುದಿ ಆಸರೆಯಿಂದ ಜಾರುತ್ತಿದ್ದರೆ ಮಾತ್ರ ಕಾಯಬಾರದು. ಆಸರೆ ಕಂಬ ಕೊಟ್ಟು ಮನೆ ತೆರವು ಮಾಡಿ ಎಂಜಿನಿಯರನ್ನು ಕರೆಯಬೇಕು.

ಮರೆತುಹೋದ ಹಗೇವುಗಳು

ಈ ಸೀಮೆಯಲ್ಲಿ ಮತ್ತೊಂದು ಕಾರಣವನ್ನು ವಿಶೇಷವಾಗಿ ವಿಚಾರಿಸಬೇಕು. ಕಾಳುಕಡಿಯ ವ್ಯಾಪಾರ ಮಾಡಿದ ಹಳೆಯ ಕುಟುಂಬಗಳ ಮನೆಯ ಅಂಗಳದಲ್ಲಿ, ಕೆಲವೊಮ್ಮೆ ಪಡಸಾಲೆಯ ಅಡಿಯಲ್ಲಿಯೇ, ಜೋಳ ತುಂಬಿಡುವ ಹಗೇವುಗಳಿದ್ದವು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಗೋಣಿಚೀಲ, ಗೋದಾಮುಗಳು ಬಂದ ಮೇಲೆ ಅವನ್ನು ಕಸ, ಸಡಿಲ ಮಣ್ಣು ಹಾಕಿ ಮುಚ್ಚಲಾಯಿತು. ಅನಂತರದ ತಲೆಮಾರಿಗೆ ಅದರ ನೆನಪೂ ಉಳಿಯಲಿಲ್ಲ. ಮೇಲೆ ನಲ್ಲಿ ಸೋರಿದಾಗ, ಭಾರಿ ಮಳೆ ಹಿಡಿದಾಗ ಆ ಸಡಿಲ ತುಂಬು ಕುಸಿದು ನೆಲ ಒಮ್ಮೆಲೇ ತಗ್ಗುತ್ತದೆ. ವರದಾ ಮತ್ತು ಧರ್ಮಾ ನದಿಗಳು ಉಕ್ಕಿ ಹರಿದ 2019ರ ಆಗಸ್ಟ್ ನೆರೆಯಂತಹ ಕಾಲದಲ್ಲಿ ಇಂತಹ ನೆಲ, ಮಣ್ಣಿನ ಗೋಡೆಗಳೆರಡೂ ಏಕಕಾಲಕ್ಕೆ ದುರ್ಬಲಗೊಳ್ಳುತ್ತವೆ. ಕಾರೆಕೋಲಿನಿಂದ ನೆಲ ಬಡಿದು ಟೊಳ್ಳು ಸದ್ದು ಕೇಳುವುದು, ಮನೆಯ ಹಿರಿಯರನ್ನು ವಿಚಾರಿಸುವುದು ಯಾವ ಯಂತ್ರಕ್ಕಿಂತಲೂ ಕಡಿಮೆಯ ತಪಾಸಣೆಯಲ್ಲ. ಹಗೇವು ಸಿಕ್ಕರೆ ಸಡಿಲ ಮಣ್ಣನ್ನೆಲ್ಲ ತೆಗೆದು ಗರಸನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿ ತುಂಬಬೇಕು.

ದುರಸ್ತಿಯ ಕ್ರಮ

ಮೊದಲ ದುರಸ್ತಿ ಗೋಡೆಯದಲ್ಲ, ನೀರಿನದು. ಬಚ್ಚಲ ನೀರು ಬುನಾದಿಯ ಬುಡದಲ್ಲಿ ಇಂಗುವುದು, ಇಂಗುಗುಂಡಿಯು ಗೋಡೆಗೆ ತಾಗಿರುವುದು, ಹೂತ ನಲ್ಲಿ ಪೈಪು ಸೋರುವುದು, ಚಾವಣಿಯ ನೀರು ಒಂದೇ ಮೂಲೆಗೆ ಬೀಳುವುದು, ರಸ್ತೆ ಎತ್ತರವಾಗಿ ಗಟಾರದ ನೀರು ಹಿಂದಕ್ಕೆ ಬರುವುದು ಇವೇ ಬಹುತೇಕ ಪ್ರಕರಣಗಳ ಮೂಲ. ಇವನ್ನು ಸರಿಪಡಿಸಿ, ಮನೆಯ ಸುತ್ತ ಕನಿಷ್ಠ ಒಂದು ಮೀಟರು ಅಗಲದ, ಹೊರಕ್ಕೆ ಇಳಿಜಾರಿರುವ ಕಟ್ಟೆ ಹಾಕಿದರೆ ಬುನಾದಿಯಡಿಯ ತೇವ ಸ್ಥಿರವಾಗುತ್ತದೆ. ಗೋಡೆಗೆ ಅಂಟಿದ ಅರಳಿ, ಬೇವಿನ ಮರಗಳು ನೀರನ್ನು ಹೀರಿ ನೆಲವನ್ನು ಕುಗ್ಗಿಸುವುದು ನಿಜ. ಆದರೆ ದೊಡ್ಡ ಮರವನ್ನು ಒಮ್ಮೆಗೇ ಕಡಿದರೆ ಅದು ಕುಡಿಯುತ್ತಿದ್ದ ನೀರು ನೆಲದಲ್ಲುಳಿದು ಮಣ್ಣು ಉಬ್ಬುತ್ತದೆ. ಕೊಂಬೆ ಸವರುತ್ತಾ ಬರುವುದು ಲೇಸು.

ನೀರಿನ ಕೆಲಸದ ನಂತರ ಒಂದು ವರ್ಷ ಗಾಜು ಸೀಳದಿದ್ದರೆ ಆಗ ಬಿರುಕನ್ನು ಹೊಲಿಯಬೇಕು: ಗೀರು ಕೊರೆದು ಉಕ್ಕಿನ ಸರಳನ್ನು ಅಡ್ಡಲಾಗಿ ಕೂರಿಸಿ ಗಾರೆ ತುಂಬುವುದು. ಮಣ್ಣಿನ ಗೋಡೆಗೆ ಮಣ್ಣು ಸುಣ್ಣಗಳೇ ಯೋಗ್ಯ. ಸಿಮೆಂಟು ಅದರೊಂದಿಗೆ ಹೊಂದುವುದಿಲ್ಲ, ತೇವವನ್ನೂ ಒಳಗೆ ಕೂಡಿಡುತ್ತದೆ. ಇಷ್ಟಾದ ಮೇಲೂ ಚಲನೆ ಒಂದೇ ದಿಕ್ಕಿಗೆ ಮುಂದುವರಿದರೆ ಮಾತ್ರ ಬುನಾದಿಯ ಅಡಿಗೆ ಹೊಸ ಬುನಾದಿ ಕೂಡಿಸುವ ವಿಚಾರ. ಅದನ್ನು ಒಂದು ಒಂದೂವರೆ ಮೀಟರಿನ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಮಾಡಬೇಕು. ಗೋಡೆಯುದ್ದಕ್ಕೂ ಒಮ್ಮೆಗೇ ಕಾಲುವೆ ಅಗೆಸುವವನ ಕೈಗೆ ಮನೆಯನ್ನು ಕೊಡಬಾರದು.

ವಿಮೆ ಮತ್ತು ತೆರಿಗೆ

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ ಗೃಹ ರಕ್ಷಾ ಪಾಲಿಸಿಯು ನೆಲಕುಸಿತವನ್ನು ಒಳಗೊಂಡಿದ್ದರೂ ಹೊಸ ಕಟ್ಟಡದ ಸಹಜ ಬಿರುಕು, ತುಂಬಿದ ನೆಲದ ಚಲನೆ, ದೋಷಯುಕ್ತ ವಿನ್ಯಾಸ ಅಥವಾ ಕಾಮಗಾರಿ ಇವನ್ನು ಹೊರಗಿಡುತ್ತದೆ. ಮುಚ್ಚಿದ ಹಗೇವು ಕುಸಿದರೆ ಅದು ತುಂಬಿದ ನೆಲವೆಂಬ ತಕರಾರು ಬರುವುದು ಸಹಜ. ಅಂಗಡಿ, ಉಗ್ರಾಣದ ಭಾಗಕ್ಕೆ ಬೇರೆ ಪಾಲಿಸಿ ಬೇಕು. 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಇದೆ. ದಿನಾಂಕ ಸಹಿತ ಛಾಯಾಚಿತ್ರಗಳು, ಗಾಜಿನ ಪಟ್ಟಿಯ ಟಿಪ್ಪಣಿಗಳು ಇಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತವೆ.

ತೆರಿಗೆಯಲ್ಲಿ ಇಡೀ ಮೊತ್ತವನ್ನು ಅಂಗಡಿಯ ಖರ್ಚೆಂದು ಬರೆಯುವ ರೂಢಿ ಸಲ್ಲದು. ವ್ಯಾಪಾರದ ಭಾಗಕ್ಕೆ ಸಂಬಂಧಿಸಿದ ಚಾಲ್ತಿ ದುರಸ್ತಿಗೆ ಮಾತ್ರ ಕಡಿತವುಂಟು. 1,800 ಚದರ ಅಡಿಯ ಕಟ್ಟಡದಲ್ಲಿ ಅಂಗಡಿ 600 ಚದರ ಅಡಿ ಇದ್ದು, ಎರಡಕ್ಕೂ ಸಾಮಾನ್ಯವಾದ ದುರಸ್ತಿಗೆ 4,50,000 ರೂಪಾಯಿ ವೆಚ್ಚವಾದರೆ ವ್ಯಾಪಾರದ ಪಾಲು 1,50,000. ಅದರಲ್ಲಿಯೂ ಬಿರುಕು ಹೊಲಿದದ್ದು, ಪೈಪು ಬದಲಿಸಿದ್ದು ಚಾಲ್ತಿ ದುರಸ್ತಿ. ಹೊಸ ಬುನಾದಿ ಕೂಡಿಸಿದ್ದು ಬಂಡವಾಳ ವೆಚ್ಚವೆನಿಸುವ ಸಂಭವ ಹೆಚ್ಚು. ಚಿತ್ರಮಂದಿರವೊಂದರ ವ್ಯಾಪಕ ನವೀಕರಣವು ಚಾಲ್ತಿ ದುರಸ್ತಿಯಲ್ಲವೆಂದು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿಯೇ ತೀರ್ಪಿತ್ತಿದೆ. ಪಾಲುದಾರರ ಸ್ವಂತ ಕಟ್ಟಡದಲ್ಲಿ ಫರ್ಮು ಬಾಡಿಗೆಗಿದ್ದರೆ ದುರಸ್ತಿಯ ಹೊಣೆ ಫರ್ಮಿನದೆಂದು ಬಾಡಿಗೆ ಕರಾರಿನಲ್ಲಿ ಮೊದಲೇ ಬರೆದಿರಬೇಕು.

ವಾಸದ ಭಾಗದ ಸಾಮಾನ್ಯ ದುರಸ್ತಿಗೆ ಪ್ರತ್ಯೇಕ ಕಡಿತವಿಲ್ಲ. ಬುನಾದಿಯ ಬಂಡವಾಳ ವೆಚ್ಚವನ್ನು ಮಾತ್ರ ಮುಂದೆ ಮನೆ ಮಾರುವಾಗ ಸುಧಾರಣಾ ವೆಚ್ಚವೆಂದು ಬೆಲೆಗೆ ಸೇರಿಸಲು ಅವಕಾಶವಿದೆ. ಅದಕ್ಕಾಗಿ ಬಿಲ್ಲು ಕಟ್ಟಡದ ಒಡೆಯರ ಹೆಸರಿನಲ್ಲಿರಬೇಕು, ಪಾವತಿ ಬ್ಯಾಂಕಿನ ಮೂಲಕವಾಗಿರಬೇಕು. ಎಂಜಿನಿಯರರ ವರದಿಯೊಂದಿಗೆ ಇವನ್ನು ಹಕ್ಕುಪತ್ರದ ಕಡತದಲ್ಲಿಯೇ ಇಡುವುದು ಸೂಕ್ತ. ಆಸ್ತಿ ತಂದೆಯವರ ಹೆಸರಿನಲ್ಲಿದ್ದು ಹಣ ಒಬ್ಬ ಮಗನದಾಗಿದ್ದರೆ, ಪಾಲಿನ ಸಮಯದಲ್ಲಿ ಆ ಹಣದ ಲೆಕ್ಕವೇನೆಂಬುದನ್ನು ಕೆಲಸ ಆರಂಭವಾಗುವ ಮುನ್ನವೇ ಎಲ್ಲರ ಸಹಿಯೊಂದಿಗೆ ಒಂದು ಕಾಗದದಲ್ಲಿ ಬರೆದಿಡಬೇಕು.